ಎಮಿಲ್ ಬರ್ಲಿನರ್: ಡಿಜೆಗಳ ತಟ್ಟೆಯ ಮೂಲಪುರುಷ

ಡಿಜೆಯೊಬ್ಬ ‘ಸ್ಕ್ರ್ಯಾಚ್’ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಅವನ ಎರಡು ಕೈಗಳ ಕೆಲಸ ಬೇರೆ ಬೇರೆ ಎಂಬುದು ತಿಳಿದಿರುತ್ತದೆ. ಒಂದು ಕೈ ತಿರುಗುವ ತಟ್ಟೆಯ ಮೇಲಿದ್ದು ಅದನ್ನು ತಡೆಯುತ್ತದೆ, ಹಿಂದಕ್ಕೆಳೆಯುತ್ತದೆ, ಮುಂದಕ್ಕೆ ನೂಕುತ್ತದೆ. ಇನ್ನೊಂದು ಕೈ ಎರಡು ತಟ್ಟೆಗಳ ನಡುವಿನ ಮಿಕ್ಸರಿನಲ್ಲಿ ಎಡಕ್ಕೂ ಬಲಕ್ಕೂ ಜಾರುವ ಪುಟ್ಟ ಗುಂಡಿಯೊಂದನ್ನು ಎಡೆಬಿಡದೆ ಆಡಿಸುತ್ತಿರುತ್ತದೆ. ಯಾವ ತಟ್ಟೆಯ ಸದ್ದು ಎಷ್ಟು ಕೇಳಬೇಕೆಂಬುದನ್ನು ನಿರ್ಧರಿಸುವ ಈ ಗುಂಡಿಗೆ ಕ್ರಾಸ್‌ಫೇಡರ್ ಎಂದು ಹೆಸರು. ಮೊದಲ ಕೈಯ ಅಡಿಯಲ್ಲಿರುವ ತಟ್ಟೆಯನ್ನು ಜಗತ್ತಿಗೆ ಕೊಟ್ಟವರು ಎಮಿಲ್ ಬರ್ಲಿನರ್. ಎರಡನೆಯ ಕೈಗೆ ಎದುರಾಗುವ ಪ್ರಶ್ನೆಯೂ ಅವರನ್ನು ಕಾಡಿದ್ದೇ. ವಿದ್ಯುತ್ ಸಂಪರ್ಕವೊಂದು ಮೆಲ್ಲಮೆಲ್ಲನೆ ಏರಿಳಿಯಬೇಕೆ, ಅಥವಾ ಒಮ್ಮೆಲೇ ಕೂಡಿ ಒಮ್ಮೆಲೇ ಕಡಿಯಬೇಕೆ ಎಂಬುದನ್ನು 1877ರಲ್ಲಿ ತಮ್ಮ ಬಾಡಿಗೆ ಕೋಣೆಯಲ್ಲಿ ಕುಳಿತು ಬಿಡಿಸಿದವರು ಅವರು.

ಎಡಿಸನ್ ಮತ್ತು ಬೆಲ್ ಅವರ ಹೆಸರು ಶಾಲಾ ಮಕ್ಕಳ ನಾಲಗೆಯ ಮೇಲಿದೆ. ಇವರಿಬ್ಬರ ಕ್ಷೇತ್ರದಲ್ಲೂ ಕೈಯಾಡಿಸಿ, ಎರಡರಲ್ಲೂ ಅಚ್ಚಳಿಯದ ಗುರುತು ಬಿಟ್ಟ ಬರ್ಲಿನರ್ ಮಾತ್ರ ನಮ್ಮಲ್ಲಿ ಅಷ್ಟಾಗಿ ಪರಿಚಿತರಲ್ಲ.

ಜವಳಿ ಅಂಗಡಿಯ ಗುಮಾಸ್ತ

ಎಮಿಲ್ ಬರ್ಲಿನರ್ 1851ರ ಮೇ 20ರಂದು ಜರ್ಮನಿಯ ಹ್ಯಾನೋವರ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ವ್ಯಾಪಾರಿ, ಯಹೂದಿ ಧರ್ಮಗ್ರಂಥಗಳನ್ನು ಬಲ್ಲವರು. ತಾಯಿ ಸಾರಾ ಸಂಗೀತಪ್ರೇಮಿ. 13 ಮಕ್ಕಳ ತುಂಬು ಮನೆ. ವುಲ್ಫೆನ್‌ಬ್ಯೂಟೆಲ್ ಊರಿನ ಶಾಲೆಯಲ್ಲಿ 14ನೇ ವಯಸ್ಸಿಗೇ ಓದು ಮುಗಿಯಿತು. ಕುಟುಂಬದ ಹೊಟ್ಟೆಪಾಡಿಗೆ ಹೆಗಲು ಕೊಡಬೇಕಾಯಿತು. ಮೊದಲು ಮುದ್ರಣಾಲಯದಲ್ಲಿ, ಅನಂತರ ಬಟ್ಟೆ ಅಂಗಡಿಯಲ್ಲಿ ದುಡಿದರು.

1866ರಲ್ಲಿ ಪ್ರಷ್ಯಾ ಹ್ಯಾನೋವರನ್ನು ನುಂಗಿಹಾಕಿತು. ಫ್ರಾನ್ಸ್ ವಿರುದ್ಧದ ಯುದ್ಧಕ್ಕೆ ಸೈನಿಕನಾಗಿ ಹೋಗಬೇಕಾದ ಭೀತಿ ಎದುರಾದಾಗ, 1870ರಲ್ಲಿ, ತರುಣ ಎಮಿಲ್ ಅಮೆರಿಕದ ಹಡಗು ಹತ್ತಿದರು. ಮನೆತನದ ಸ್ನೇಹಿತರೊಬ್ಬರು ವಾಷಿಂಗ್ಟನ್‌ನಲ್ಲಿ ನಡೆಸುತ್ತಿದ್ದ ಜವಳಿ ಅಂಗಡಿಯಲ್ಲಿ ಗುಮಾಸ್ತಿಕೆ ದೊರೆಯಿತು. ಮೂರು ವರ್ಷಗಳ ಬಳಿಕ ನ್ಯೂಯಾರ್ಕ್‌ಗೆ ಹೋಗಿ ಸಿಕ್ಕಿದ ಕೆಲಸವನ್ನೆಲ್ಲ ಮಾಡಿದರು. ಮುಂದೆ ಸ್ಯಾಕರಿನ್‌ನ ಶೋಧದಿಂದ ಹೆಸರಾದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಅವರ ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುವುದೂ ಅವುಗಳಲ್ಲೊಂದು. ರಾತ್ರಿ ಹೊತ್ತು ಕೂಪರ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈ ಮನುಷ್ಯ ಭೌತಶಾಸ್ತ್ರ ಕಲಿತದ್ದು ಪುಸ್ತಕಗಳಿಂದ ಮತ್ತು ತಮ್ಮದೇ ಕೈಕೆಲಸದಿಂದ. 1876ರಲ್ಲಿ ಅವರು ಮತ್ತೆ ವಾಷಿಂಗ್ಟನ್‌ನ ಜವಳಿ ಅಂಗಡಿಗೇ ಮರಳಿದರು.

ಒತ್ತಿದಷ್ಟೂ ಹರಿಯುವ ವಿದ್ಯುತ್ತು

ಅದೇ ವರ್ಷ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಟೆಲಿಫೋನ್ ಜನರನ್ನು ಬೆರಗುಗೊಳಿಸಿತ್ತು. ಆದರೆ ಅದಕ್ಕೊಂದು ಕೊರತೆಯಿತ್ತು. ಕೇಳುವ ಕೊಳವೆ ಚೆನ್ನಾಗಿತ್ತು. ಮಾತನಾಡುವ ಕೊಳವೆ ದುರ್ಬಲ. ದನಿಯ ಬಲದಿಂದಲೇ ಹುಟ್ಟಬೇಕಿದ್ದ ವಿದ್ಯುತ್ತು ಅತಿ ಕ್ಷೀಣವಾಗಿದ್ದು, ಸ್ವಲ್ಪ ದೂರ ಹೋಗುವುದರೊಳಗೆ ಮಾತು ಸೋತುಹೋಗುತ್ತಿತ್ತು. ಅದಕ್ಕೂ ಮೊದಲು, 1861ರಲ್ಲಿ, ಜರ್ಮನಿಯ ಫಿಲಿಪ್ ರೈಸ್ ಬೇರೊಂದು ಹಾದಿ ಹಿಡಿದಿದ್ದರು. ಅವರ ಯಂತ್ರ ದನಿಯ ಪ್ರತಿ ಕಂಪನಕ್ಕೂ ವಿದ್ಯುತ್ತನ್ನು ಕಡಿದು ಕೂಡಿಸುವ ತತ್ವದ ಮೇಲೆ ನಿಂತಿತ್ತು. ರಾಗದ ಸ್ಥಾಯಿ ಅದರಲ್ಲಿ ದಾಟುತ್ತಿತ್ತು. ಮಾತಿನ ಅಕ್ಷರಗಳು ನೆಟ್ಟಗೆ ದಾಟುತ್ತಿರಲಿಲ್ಲ.

ಬರ್ಲಿನರ್‌ಗೆ ದಾರಿ ತೋರಿದ್ದು ತಂತಿ ಕಚೇರಿಯ ಪರಿಚಿತರೊಬ್ಬರು. ದೂರದ ಊರಿಗೆ ತಂತಿ ಕಳುಹಿಸುವಾಗ ಕೀಲಿಯನ್ನು ಗಟ್ಟಿಯಾಗಿ ಒತ್ತಬೇಕು, ಹಾಗೆ ಒತ್ತಿದರೆ ಹೆಚ್ಚು ವಿದ್ಯುತ್ತು ಹರಿಯುತ್ತದೆ ಎಂಬ ವೃತ್ತಿಯ ಗುಟ್ಟನ್ನು ಅವರು ಹೇಳಿಕೊಟ್ಟಿದ್ದರು. ತಂತಿಯವರಿಗೆ ಇದು ದಿನನಿತ್ಯದ ವಿಚಾರ. ಬರ್ಲಿನರ್‌ಗೆ ಅದು ಬೆಳಕಿಂಡಿಯಾಯಿತು. ಒಂದಕ್ಕೊಂದು ತಾಗಿಕೊಂಡಿರುವ ಎರಡು ಲೋಹದ ತುಣುಕುಗಳ ಮೇಲೆ ಒತ್ತಡ ಹೆಚ್ಚಿದರೆ ತಾಗುವ ಜಾಗ ಹಿಗ್ಗುತ್ತದೆ, ತಡೆ ತಗ್ಗುತ್ತದೆ. ಒತ್ತಡ ಕುಗ್ಗಿದರೆ ತಡೆ ಏರುತ್ತದೆ. ಸಂಪರ್ಕವನ್ನು ಕಡಿಯುವುದೇ ಬೇಡ; ಸಡಿಲವಾಗಿ ತಾಗಿಸಿಟ್ಟು, ದನಿಗೆ ಅದುರುವ ಪರದೆಯಿಂದ ಅದನ್ನು ಒತ್ತಿಸಿದರೆ, ಬ್ಯಾಟರಿಯಿಂದ ಹರಿಯುವ ವಿದ್ಯುತ್ತು ಮಾತಿನ ಏರಿಳಿತಗಳನ್ನೆಲ್ಲ ತಾನೇ ಹೊತ್ತೊಯ್ಯುತ್ತದೆ. ಸಾಬೂನಿನ ಮರದ ಪೆಟ್ಟಿಗೆಯನ್ನು ಬಳಸಿ ಅವರು ಇಂಥ ಯಂತ್ರ ಕಟ್ಟಿದರು. ವಕೀಲರಿಗೆ ಕೊಡಲು ಕೈಯಲ್ಲಿ ಕಾಸಿಲ್ಲದೆ ಅರ್ಜಿಯ ಕರಡನ್ನು ತಾವೇ ಬರೆದು, 1877ರ ಏಪ್ರಿಲ್ 14ರಂದು ಪೇಟೆಂಟ್ ಕಚೇರಿಗೆ ಮುನ್ಸೂಚನೆ ಸಲ್ಲಿಸಿದರು.

1878ರಲ್ಲಿ ಬೆಲ್ ಕಂಪನಿ ಈ ಹಕ್ಕುಗಳನ್ನು ಕೊಂಡು, ಜವಳಿ ಗುಮಾಸ್ತನನ್ನು ತನ್ನ ಸಂಶೋಧಕನನ್ನಾಗಿ ನೇಮಿಸಿಕೊಂಡಿತು. ಪೇಟೆಂಟ್ ಕೈಗೆ ಬಂದದ್ದು ಮಾತ್ರ 1891ರಲ್ಲಿ, 14 ವರ್ಷಗಳ ನಂತರ. ಈ ವಿಳಂಬದ ಹಿಂದೆ ಕಂಪನಿಯ ಕೈವಾಡವಿದೆ ಎಂದು ಅಮೆರಿಕ ಸರ್ಕಾರವೇ ದಾವೆ ಹೂಡಿತು. 1897ರಲ್ಲಿ ಸುಪ್ರೀಂ ಕೋರ್ಟ್ ಆ ದಾವೆಯನ್ನು ತಳ್ಳಿಹಾಕಿತು. ಮೈಕ್ರೋಫೋನ್ ಮೊದಲು ಯಾರದು ಎಂಬ ಬಗ್ಗೆ ಎಡಿಸನ್, ಹ್ಯೂಸ್ ಮತ್ತು ಬರ್ಲಿನರ್ ಪಾಳಯಗಳ ವಾದ ಅಷ್ಟಕ್ಕೇ ನಿಲ್ಲಲಿಲ್ಲ. ಅದು ವಕೀಲರ ಕಥೆ, ಬಿಡೋಣ.

ಕ್ರಾಸ್‌ಫೇಡರಿನ ಬಾಗು

ಸಾಂಪ್ರದಾಯಿಕ ಕ್ರಾಸ್‌ಫೇಡರ್ ಕೂಡ ತಡೆಯನ್ನು ಬದಲಿಸುವ ಉಪಕರಣವೇ. ಬರ್ಲಿನರ್ ಯಂತ್ರದಿಂದ ಅದು ನೇರವಾಗಿ ಇಳಿದುಬಂದದ್ದೇನಲ್ಲ. ನಂಟು ಇರುವುದು ತತ್ವದಲ್ಲಿ. ಗುಂಡಿ ಸರಿದಂತೆ ಸದ್ದು ಎಷ್ಟೆಷ್ಟು ಏರಬೇಕು, ಇಳಿಯಬೇಕು ಎಂಬ ಲೆಕ್ಕಕ್ಕೆ ‘ಕರ್ವ್’ ಅಥವಾ ಬಾಗು ಎನ್ನುತ್ತಾರೆ. ಸೆರಾಟೊ, ಟ್ರ್ಯಾಕ್ಟರ್, ಮಿಕ್ಸ್ ಮುಂತಾದ ಡಿಜೆ ತಂತ್ರಾಂಶಗಳಲ್ಲಿ ಇದನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು.

ಒಂದು ಹಾಡನ್ನು ಇನ್ನೊಂದರೊಳಗೆ ಕರಗಿಸುವವರಿಗೆ ಮೆಲುವಾದ ಬಾಗು ಬೇಕು. ಗುಂಡಿ ನಡುಮಧ್ಯಕ್ಕೆ ಬಂದಾಗ ಎರಡೂ ಹಾಡುಗಳ ಮಟ್ಟ ಅರ್ಧಕ್ಕಿಳಿದರೆ, ಒಟ್ಟು ಶಕ್ತಿ 3 ಡೆಸಿಬೆಲ್‌ನಷ್ಟು ತಗ್ಗಿ, ಕುಣಿಯುತ್ತಿರುವವರಿಗೆ ಸದ್ದು ಕುಸಿದಂತೆ ಭಾಸವಾಗುತ್ತದೆ. ಆದ್ದರಿಂದ ಮಧ್ಯದಲ್ಲಿ ಪ್ರತಿಯೊಂದನ್ನೂ ಸುಮಾರು 0.7ರ ಮಟ್ಟದಲ್ಲಿ ನಿಲ್ಲಿಸುವ ಸಮಶಕ್ತಿಯ ಬಾಗನ್ನು ಬಳಸುತ್ತಾರೆ. ಸ್ಕ್ರ್ಯಾಚ್ ಮಾಡುವವರಿಗೆ ಇದು ಸಲ್ಲದು. ಅವರಿಗೆ ಗುಂಡಿ ತುದಿಯಿಂದ ಒಂದೆರಡು ಮಿಲಿಮೀಟರ್ ಕದಲಿದೊಡನೆ ಸದ್ದು ಪೂರ್ತಿ ತೆರೆದುಕೊಳ್ಳಬೇಕು, ಉಳಿದ ಹಾದಿಯುದ್ದಕ್ಕೂ ತೆರೆದೇ ಇರಬೇಕು. ‘ಕ್ರ್ಯಾಬ್’ ಎಂಬ ಪಟ್ಟಿನಲ್ಲಿ ಬೆರಳುಗಳು ಒಂದರ ಹಿಂದೊಂದು ಗುಂಡಿಯನ್ನು ತಟ್ಟಿ, ತಟ್ಟೆಯ ಒಂದೇ ಎಳೆತವನ್ನು ಮೂರು ನಾಲ್ಕು ತುಂಡುಗಳಾಗಿ ಕತ್ತರಿಸುತ್ತವೆ. ಬಾಗು ಮೆಲುವಾಗಿದ್ದರೆ ಆ ತುಂಡುಗಳು ಅಂಚಿಲ್ಲದೆ, ಬಾಯಲ್ಲೇ ನುಂಗಿದ ಮಾತಿನಂತಾಗುತ್ತವೆ.

ಹಾಗೆಂದು ಬಾಗನ್ನು ಎಷ್ಟು ಬೇಕಾದರೂ ಚೂಪಾಗಿಸಬಹುದೆಂದಲ್ಲ. ತುದಿಗೆ ಬಡಿದ ಗುಂಡಿ ಕೂದಲೆಳೆಯಷ್ಟು ಹಿಂದೆ ಚಿಮ್ಮಿದರೂ ಸಾಕು, ಮುಚ್ಚಿರಬೇಕಾದ ಸದ್ದು ಸೋರುತ್ತದೆ. ಅದಕ್ಕೆ ತುದಿಯಲ್ಲಿ ಸ್ವಲ್ಪ ನಿಶ್ಶಬ್ದ ಜಾಗ ಬಿಡಬೇಕು. ಧ್ವನಿಯ ಅಲೆಯನ್ನು ನಡುವೆಯೇ ಥಟ್ಟನೆ ಕಡಿದರೆ ‘ಟಕ್’ ಎಂಬ ಬೇಡದ ಸದ್ದು ಬರುತ್ತದೆ. ಒಂದೆರಡು ಮಿಲಿಸೆಕೆಂಡುಗಳ ಏರಿಳಿತ ಉಳಿಸಿದರೆ ಅದು ತಪ್ಪುತ್ತದೆ. ಬಾಗನ್ನು ಎಷ್ಟು ತಿದ್ದಿದರೂ ಸದ್ದು ಬೆರಳಿಗಿಂತ ಹಿಂದುಳಿಯುತ್ತಿದ್ದರೆ ದೋಷ ಬೇರೆಡೆ ಹುಡುಕಬೇಕು. 44,100 ಹರ್ಟ್ಸ್ ದರದಲ್ಲಿ 1024 ಮಾದರಿಗಳ ಬಫರ್ ಎಂದರೆ 23 ಮಿಲಿಸೆಕೆಂಡುಗಳ ತಡ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡು. ಹೊರಗಿನ ಮಿಕ್ಸರಿನಲ್ಲಿಯೇ ಎರಡು ತಟ್ಟೆಗಳ ಸದ್ದು ಬೆರೆಯುತ್ತಿದ್ದರಂತೂ ತಂತ್ರಾಂಶದ ಬಾಗಿಗೆ ಕೆಲಸವೇ ಇಲ್ಲ. ಮಿಕ್ಸರಿನ ಮೇಲಿರುವ ತಿರುಪನ್ನೇ ತಿರುಗಿಸಬೇಕು.

ಕಡಿದು ಕೂಡಿಸುವ ರೈಸ್ ಅವರ ಮಾರ್ಗವನ್ನು ಬಿಟ್ಟು ಬರ್ಲಿನರ್ ಮುಂದೆ ಹೋದರು. ಅದೇ ಕಡಿದು ಕೂಡಿಸುವಿಕೆ ಒಂದು ಶತಮಾನದ ಬಳಿಕ ಸಂಗೀತವಾಗಿ ಮರಳಿ ಬಂತು, ಅದೂ ಬರ್ಲಿನರ್ ಅವರದೇ ತಟ್ಟೆಯ ಜೊತೆಗೆ.

ಮಸಿಯ ಮೇಲಿನ ಗೆರೆಯಿಂದ ತಟ್ಟೆಗೆ

1881ರಲ್ಲಿ ಬರ್ಲಿನರ್ ಅಮೆರಿಕದ ಪ್ರಜೆಯಾದರು. ಕೋರಾ ಆಡ್ಲರ್ ಅವರನ್ನು ವರಿಸಿದರು. ಅದೇ ವರ್ಷ ಹ್ಯಾನೋವರ್‌ನಲ್ಲಿ ಸೋದರ ಜೋಸೆಫ್ ಜೊತೆಗೂಡಿ ಟೆಲಿಫೋನ್ ಕಾರ್ಖಾನೆಯೊಂದನ್ನು ಆರಂಭಿಸಿದರು. ಕೆಲಕಾಲದಲ್ಲೇ ಬೆಲ್ ಕಂಪನಿಯ ನೌಕರಿ ತೊರೆದು, 1884ರ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಮನೆ ಮಾಡಿ ಸ್ವಂತ ಪ್ರಯೋಗಗಳಿಗೆ ಕುಳಿತರು. ಕೈಯಲ್ಲಿ ಈಗ ಹಣವಿತ್ತು, ಯಾರ ಹಂಗೂ ಇರಲಿಲ್ಲ.

ಎಡಿಸನ್ 1877ರಲ್ಲಿಯೇ ಫೋನೋಗ್ರಾಫ್ ಕಂಡುಹಿಡಿದಿದ್ದರು. ಅದರಲ್ಲಿ ಉರುಳೆಯ ಮೇಲೆ ಸೂಜಿ ಮೇಲೆ ಕೆಳಗೆ ಆಡುತ್ತ ತಗ್ಗುದಿಣ್ಣೆಗಳನ್ನು ಕೊರೆಯುತ್ತಿತ್ತು. ಬರ್ಲಿನರ್ ನೋಡಿದ್ದು ಅದಕ್ಕೂ ಹಳೆಯ ಉಪಕರಣವನ್ನು. ಫ್ರಾನ್ಸಿನ ಲಿಯೋನ್ ಸ್ಕಾಟ್ 1857ರಲ್ಲಿ ರಚಿಸಿದ್ದ ಯಂತ್ರವೊಂದು ದೀಪದ ಮಸಿ ಹಿಡಿದ ಕಾಗದದ ಮೇಲೆ ದನಿಯ ಗೆರೆಯನ್ನು ಪಕ್ಕದಿಂದ ಪಕ್ಕಕ್ಕೆ ಬಳುಕಿಸಿ ಬರೆಯುತ್ತಿತ್ತು. ಓದಿ ನುಡಿಸುವ ಶಕ್ತಿ ಅದಕ್ಕಿರಲಿಲ್ಲ. ಆ ಬಳುಕುವ ಗೆರೆಯನ್ನೇ ಲೋಹದಲ್ಲಿ ಕೊರೆದು ಸೂಜಿಯನ್ನು ಅದರಲ್ಲಿ ನಡೆಸಿದರೆ? 1887ರ ನವೆಂಬರ್‌ನಲ್ಲಿ ಗ್ರಾಮಫೋನ್‌ಗೆ ಪೇಟೆಂಟ್ ದೊರೆಯಿತು. 1888ರ ಮೇ 16ರಂದು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವರು ತಟ್ಟೆಯ ಗ್ರಾಮಫೋನನ್ನು ವಿದ್ವಾಂಸರ ಮುಂದೆ ನುಡಿಸಿ ತೋರಿಸಿದರು. ಗಾಯಕರು ಮುಂದೊಂದು ದಿನ ತಮ್ಮ ತಟ್ಟೆಗಳ ಮಾರಾಟದಿಂದ ಗೌರವಧನ ಪಡೆಯುತ್ತಾರೆಂದು ಆ ಉಪನ್ಯಾಸದಲ್ಲೇ ಅವರು ಊಹಿಸಿದ್ದರು.

ಸತುವಿನ ತಟ್ಟೆಗೆ ತೆಳ್ಳಗೆ ಜೇನುಮೇಣದ ಲೇಪ. ಅದರ ಮೇಲೆ ಸೂಜಿ ಗೆರೆ ಎಳೆಯುತ್ತದೆ. ತಟ್ಟೆಯನ್ನು ಕ್ರೋಮಿಕ್ ಆಮ್ಲದಲ್ಲಿ ಅದ್ದಿದರೆ ಮೇಣ ಹೋದ ಗೆರೆಯ ಜಾಗವನ್ನಷ್ಟೇ ಆಮ್ಲ ತಿನ್ನುತ್ತದೆ. ಹೀಗೆ ಸಿದ್ಧವಾದ ತಟ್ಟೆಯಿಂದ ಉಬ್ಬುಗೆರೆಯ ಅಚ್ಚೊಂದನ್ನು ತೆಗೆದು, ಅದರಿಂದ ಬೇಕಾದಷ್ಟು ಪ್ರತಿಗಳನ್ನು ಒತ್ತಬಹುದು. ಉರುಳೆಯ ಕಾಲದಲ್ಲಿ ಹೆಚ್ಚು ಪ್ರತಿ ಬೇಕೆಂದರೆ ಗಾಯಕ ಅದೇ ಹಾಡನ್ನು ಮತ್ತೆ ಮತ್ತೆ ಹಾಡಬೇಕಿತ್ತು. ಬಾಲ್ಯದ ಮುದ್ರಣಾಲಯದ ಅನುಭವ ಇಲ್ಲಿ ಕೆಲಸ ಮಾಡಿತೇನೋ ಎಂದು ಊಹಿಸುವ ಆಸೆಯಾಗುತ್ತದೆ.

ಸ್ಕ್ರ್ಯಾಚ್ ಕಲೆಯ ಬೇರುಗಳೆಲ್ಲ ಈ ಎರಡು ನಿರ್ಧಾರಗಳಲ್ಲಿ ಅಡಗಿವೆ. ಮೊದಲನೆಯದು, ಬಳುಕುವ ಗೆರೆ. ಎಡಿಸನ್ ಯಂತ್ರದಲ್ಲಿ ಸೂಜಿಯನ್ನು ಮುಂದಕ್ಕೊಯ್ಯಲು ಪ್ರತ್ಯೇಕ ತಿರುಪು ಬೇಕಿತ್ತು. ಬರ್ಲಿನರ್ ತಟ್ಟೆಯಲ್ಲಿ ಗೆರೆಯ ಗೋಡೆಗಳೇ ಸೂಜಿಯನ್ನು ಕೈಹಿಡಿದು ನಡೆಸುತ್ತವೆ. ತಟ್ಟೆಯನ್ನು ಹಿಂದಕ್ಕೆ ತಿರುಗಿಸಿದರೆ ಸೂಜಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಎರಡನೆಯದು, ಅಚ್ಚಿನಿಂದ ಒತ್ತಿದ ಪ್ರತಿಗಳು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ನಡೆದ ಔತಣಕೂಟದಿಂದ ಹೆಸರಾದ ಡಿಜೆ ಕೂಲ್ ಹರ್ಕ್, ಹಾಡಿನ ತಾಳದ ತುಣುಕನ್ನು ಮುಗಿಯಲು ಬಿಡದೆ ಮುಂದುವರಿಸಲು ಬಳಸಿದ್ದು ಒಂದೇ ತಟ್ಟೆಯ ಎರಡು ಪ್ರತಿಗಳನ್ನು. ಅದೇ ಬ್ರಾಂಕ್ಸ್‌ನ ಬಾಲಕ ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್, ತಾಯಿ ಬಾಗಿಲಲ್ಲಿ ನಿಂತು ಗದರಿದಾಗ ತಟ್ಟೆಯನ್ನು ಕೈಯಲ್ಲಿ ತಡೆಹಿಡಿದು, ಆಗ ಕೇಳಿದ ಸದ್ದಿಗೆ ಮನಸೋತು ಸ್ಕ್ರ್ಯಾಚ್ ಮಾಡತೊಡಗಿದ್ದಾಗಿ ಹೇಳಿಕೊಂಡಿದ್ದಾರೆ. ಅದು 1970ರ ದಶಕದ ನಡುಗಾಲ.

ಬರ್ಲಿನರ್ ಅವರ ಮೊದಲ ಗ್ರಾಮಫೋನುಗಳಿಗೆ ಮೋಟಾರೇ ಇರಲಿಲ್ಲ. 1890ರ ಸುಮಾರಿಗೆ ಜರ್ಮನಿಯ ಆಟಿಕೆ ಕಂಪನಿಯೊಂದು ಮಾರಿದ 5 ಅಂಗುಲ ತಟ್ಟೆಯ ಯಂತ್ರವಾಗಲಿ, 1894ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ 7 ಅಂಗುಲದ್ದಾಗಲಿ, ಹಿಡಿಕೆ ಹಿಡಿದು ತಿರುಗಿಸಬೇಕಾದವು. ಮನೆಯೊಡೆಯನ ಕೈ ಬಿರುಸಾದರೆ ಗಂಡುದನಿ ಹೆಣ್ಣುದನಿಯಾಗುತ್ತಿತ್ತು. ಕೈಯ ಈ ಚಪಲವನ್ನು ದೋಷವೆಂದೇ ಎಲ್ಲರೂ ಎಣಿಸಿದರು. ನ್ಯೂಜೆರ್ಸಿಯ ಕ್ಯಾಮ್ಡನ್ ಊರಿನಲ್ಲಿ ಯಂತ್ರದಂಗಡಿ ಇಟ್ಟಿದ್ದ ಎಲ್ಡ್ರಿಜ್ ಜಾನ್ಸನ್ 1896ರಲ್ಲಿ ಉತ್ತಮ ಸ್ಪ್ರಿಂಗ್ ಮೋಟಾರು ಒದಗಿಸಿದ ಮೇಲೆ ಗ್ರಾಮಫೋನ್ ಗಂಭೀರ ವಾದ್ಯವಾಯಿತು.

ಸ್ವದೇಶದಲ್ಲೇ ಬಹಿಷ್ಕಾರ

ಗಟ್ಟಿ ರಬ್ಬರಿನ ತಟ್ಟೆಗಳಲ್ಲಿ ದೋಷ ಕಂಡದ್ದರಿಂದ 1895ರ ಸುಮಾರಿಗೆ ಬರ್ಲಿನರ್ ಅರಗಿನ ಮಿಶ್ರಣಕ್ಕೆ ಬದಲಾದರು. ಗುಂಡಿಗಳನ್ನು ತಯಾರಿಸುತ್ತಿದ್ದ ಕಂಪನಿಯೊಂದು ಅವುಗಳನ್ನು ಒತ್ತಿಕೊಟ್ಟಿತು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಜಗತ್ತಿನ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ.

ವ್ಯಾಪಾರ ಕುದುರಿದ ಹೊತ್ತಿನಲ್ಲೇ ಪೆಟ್ಟು ಬಿತ್ತು. ಅಮೆರಿಕದಲ್ಲಿ ಮಾರಾಟದ ಏಕಮಾತ್ರ ಹಕ್ಕು ಪಡೆದಿದ್ದ ಫ್ರ್ಯಾಂಕ್ ಸೀಮನ್, ಲಾಭದ ಪಾಲಿನ ವಿಚಾರದಲ್ಲಿ ಮುನಿದು, ಝೋನೊಫೋನ್ ಎಂಬ ಪೈಪೋಟಿ ಯಂತ್ರವನ್ನು ಮಾರುಕಟ್ಟೆಗೆ ತಂದರು. ಎದುರಾಳಿ ಕಂಪನಿಯೊಂದಿಗೆ ಕೈಜೋಡಿಸಿ ನ್ಯಾಯಾಲಯಕ್ಕೆ ಹೋದರು. 1900ರ ಜೂನ್‌ನಲ್ಲಿ ಬಂದ ತಡೆಯಾಜ್ಞೆಯ ಫಲವಾಗಿ, ಗ್ರಾಮಫೋನ್ ಕಂಡುಹಿಡಿದವರೇ ತಮ್ಮ ದೇಶದಲ್ಲಿ ಗ್ರಾಮಫೋನ್ ಮಾರುವಂತಿಲ್ಲವಾಯಿತು. ತಾನು ಸಹಿ ಮಾಡಿದ ಕರಾರೇ ಕೊರಳಿಗೆ ಉರುಳಾದ ಪ್ರಸಂಗವಿದು. ಬರ್ಲಿನರ್ ಪೇಟೆಂಟ್ ಹಕ್ಕುಗಳನ್ನು ಜಾನ್ಸನ್‌ಗೆ ವಹಿಸಿ ಕೆನಡಾದ ಮಾಂಟ್ರಿಯಲ್ ಕಡೆ ಮುಖ ಮಾಡಿದರು. ಜಾನ್ಸನ್ 1901ರಲ್ಲಿ ಸ್ಥಾಪಿಸಿದ ವಿಕ್ಟರ್ ಕಂಪನಿ ಅಮೆರಿಕದ ಮಾರುಕಟ್ಟೆಯನ್ನು ಆಳಿತು. ಗ್ರಾಮಫೋನ್ ಎಂಬ ಪದ ಅಲ್ಲಿ ಬಳಕೆಯಿಂದ ಮರೆಯಾಗುತ್ತ ಬಂತು; ತಟ್ಟೆಯ ಯಂತ್ರವನ್ನೂ ಅಮೆರಿಕನ್ನರು ಎಡಿಸನ್ ಇಟ್ಟ ಫೋನೋಗ್ರಾಫ್ ಎಂಬ ಹೆಸರಿನಿಂದಲೇ ಕರೆದರು. ನಮ್ಮಲ್ಲಿ ಮಾತ್ರ ಅದು ಎಂದೆಂದಿಗೂ ಗ್ರಾಮಫೋನೇ.

ಅದಕ್ಕೆ ಕಾರಣ, 1898ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಗ್ರಾಮಫೋನ್ ಕಂಪನಿ. ಬರ್ಲಿನರ್ ಗರಡಿಯಲ್ಲಿ ಪಳಗಿದ್ದ ಪಿಯಾನೋ ವಾದಕ ಫ್ರೆಡ್ ಗೈಸ್‌ಬರ್ಗ್ ಅದರ ಧ್ವನಿಮುದ್ರಕರಾದರು. 1902ರ ನವೆಂಬರ್‌ನಲ್ಲಿ ಅವರು ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಆ ಮುದ್ರಣಗಳಿಂದ ತಟ್ಟೆಗಳನ್ನು ಒತ್ತಿದ್ದು ಹ್ಯಾನೋವರ್‌ನಲ್ಲಿ, ಬರ್ಲಿನರ್ ಹುಟ್ಟಿದ ಊರಿನಲ್ಲಿ. ಕಲ್ಕತ್ತೆಯಲ್ಲೇ ತಟ್ಟೆ ಒತ್ತುವ ಕಾರ್ಖಾನೆ ಆರಂಭವಾದದ್ದು 1908ರಲ್ಲಿ. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಅರಮನೆಯ ಸಂಗೀತ ವಿದುಷಿಯಾಗಿ ಬಂದರು.

ಹಾಲು ಮತ್ತು ಹೆಲಿಕಾಪ್ಟರ್

ಮಗಳೊಬ್ಬಳು ಎಳವೆಯಲ್ಲಿ ಹೊಟ್ಟೆಯ ಬೇನೆಯಿಂದ ಸಾವಿನಂಚಿಗೆ ಹೋಗಿಬಂದ ಮೇಲೆ ಬರ್ಲಿನರ್ ಹಸಿ ಹಾಲಿನ ವಿರುದ್ಧ ಸಮರ ಸಾರಿದರು. ಹಾಲನ್ನು ಕಾಯಿಸಿ ಶುದ್ಧೀಕರಿಸಬೇಕೆಂದು ವಾಷಿಂಗ್ಟನ್‌ನ ಪತ್ರಿಕೆಗಳಲ್ಲಿ ಪ್ರಚಾರ ನಡೆಸಿದರು. ಮಕ್ಕಳಿಗೆ ಶುಚಿತ್ವ ಕಲಿಸುವ ಪದ್ಯಗಳನ್ನೂ ಹೊಸೆದರು. ವಿಜ್ಞಾನದಲ್ಲಿ ಸಂಶೋಧನೆ ಮಾಡುವ ಮಹಿಳೆಯರಿಗಾಗಿ 1908ರಲ್ಲಿ ತಾಯಿ ಸಾರಾ ಹೆಸರಿನಲ್ಲಿ ವಿದ್ಯಾರ್ಥಿವೇತನ ಸ್ಥಾಪಿಸಿದರು. ಅದೇ ಕಾಲಕ್ಕೆ ನೆಟ್ಟಗೆ ಮೇಲೇರುವ ವಿಮಾನದ ಗೀಳೂ ಹಿಡಿದಿತ್ತು. ಮಗ ಹೆನ್ರಿ ಅದನ್ನು ಮುಂದುವರಿಸಿ, 1922 ಮತ್ತು 1924ರ ನಡುವೆ ಮೇರಿಲ್ಯಾಂಡ್‌ನಲ್ಲಿ ಹೆಲಿಕಾಪ್ಟರ್ ಪ್ರಯೋಗಗಳನ್ನು ನಡೆಸಿದರು. 75 ತುಂಬುವ ಹೊತ್ತಿನಲ್ಲೂ ತಂದೆ ಸುಮ್ಮನೆ ಕುಳಿತಿರಲಿಲ್ಲ. ಸಭಾಂಗಣಗಳಲ್ಲಿ ದನಿ ಮಾರ್ದನಿಸದಂತೆ ತಡೆಯುವ ಗೋಡೆ ಬಿಲ್ಲೆಗಳನ್ನು ರೂಪಿಸುತ್ತಿದ್ದರು.

ಬರ್ಲಿನರ್ 1929ರ ಆಗಸ್ಟ್ 3ರಂದು, ತಮ್ಮ 78ನೇ ವಯಸ್ಸಿನಲ್ಲಿ, ವಾಷಿಂಗ್ಟನ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಅದೇ ವರ್ಷ ತನ್ನ ಅತ್ಯುನ್ನತ ಪದಕವನ್ನು ಅವರಿಗೆ ನೀಡಿತ್ತು. ವಿಕ್ಟರ್ ಕಂಪನಿ ರೇಡಿಯೋ ಉದ್ಯಮದ ಆರ್‌ಸಿಎ ಪಾಲಾದದ್ದೂ ಅದೇ ವರ್ಷ. ಐದೂವರೆ ತಿಂಗಳ ಬಳಿಕ, 1930ರ ಜನವರಿ 17ರಂದು, ಗೌಹರ್ ಜಾನ್ ಮೈಸೂರಿನಲ್ಲಿ ಕಣ್ಮುಚ್ಚಿದರು.

ಅರಗಿನ ತಟ್ಟೆಯ ಸ್ಥಾನಕ್ಕೆ 1948ರ ನಂತರ ವಿನೈಲ್ ಬಂತು. 1972ರಲ್ಲಿ ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಬಂತು. ಮೋಟಾರು ನೇರವಾಗಿ ತಿರುಗಿಸುವ ಅದರ ಪೀಠ, ಮೇಲಿನ ತಟ್ಟೆಯನ್ನು ಕೈ ತಡೆದರೂ ಎಗ್ಗಿಲ್ಲದೆ ಸುತ್ತುತ್ತದೆ. ಸೆರಾಟೊದಂಥ ತಂತ್ರಾಂಶಗಳ ಜೊತೆ ಬಳಸುವ ವಿನೈಲ್ ತಟ್ಟೆಯಲ್ಲಿ ಹಾಡೇ ಇರುವುದಿಲ್ಲ. ಅದರ ಗೆರೆಯಲ್ಲಿರುವುದು 1000 ಹರ್ಟ್ಸ್‌ನ ಒಂದೇ ಸಮನಾದ ನಾದ ಮತ್ತು ಸ್ಥಾನ ತಿಳಿಸುವ ಸಂಕೇತಗಳು. ಕೈ ತಟ್ಟೆಯನ್ನು ಎತ್ತ, ಎಷ್ಟು ವೇಗದಲ್ಲಿ ನೂಕಿತು ಎಂಬುದನ್ನು ಕಂಪ್ಯೂಟರು ಆ ನಾದದಿಂದ ಲೆಕ್ಕಹಾಕಿ, ತನ್ನೊಳಗಿನ ಹಾಡನ್ನು ಅದಕ್ಕೆ ತಕ್ಕಂತೆ ಓಡಿಸುತ್ತದೆ.